ಹೈ ಸ್ಟೇಕ್ಸ್: ನಿಯಮ ಪುಸ್ತಕ ಹಿಡಿದು ತಂತ್ರ ಕಟ್ಟಿದ ನನ್ನ ಅನುಭವ

ವಿದ್ಯಾರ್ಥಿಗಳು ತಾವೇ ಕಟ್ಟಿದ ರೋಬೊಗಳಿಂದ ಆಡುವ ವೆಕ್ಸ್ ವಿ5 ರೊಬಾಟಿಕ್ಸ್ ಸ್ಪರ್ಧೆಯಲ್ಲಿ 2024–25ರ ಋತುವಿನ ಆಟ ಹೈ ಸ್ಟೇಕ್ಸ್ ಆಗಿತ್ತು; ಇಲ್ಲಿ ಹೇಳುವ ನಿಯಮಗಳು ಆ ಋತುವಿನವು. ವಿದ್ಯಾರ್ಥಿಗಳ ಜೊತೆ ಕೂತು ಅದಕ್ಕೆ ತಂತ್ರ ರೂಪಿಸುವಾಗ ನಾನು ಹಿಡಿದ ಕ್ರಮ ಇದು: ಮೊದಲು ನಿಯಮ, ಆಮೇಲೆ ಅಂಕದ ಲೆಕ್ಕ, ಅದಾದ ಮೇಲೆ ರೋಬೊ. ಬಹಳಷ್ಟು ತಂಡಗಳು ರೋಬೊ ಕಟ್ಟಿ ಮುಗಿಸಿ, ಸ್ಪರ್ಧೆಯ ಹಿಂದಿನ ವಾರ ನಿಯಮದ ಪ್ರಶ್ನೆ ಕೇಳಲು ಹೊರಡುತ್ತವೆ. ಅಷ್ಟು ಹೊತ್ತಿಗೆ ಉತ್ತರ ಏನೇ ಬಂದರೂ ಬದಲಾಯಿಸಲು ಸಮಯ ಇರುವುದಿಲ್ಲ.

ಆಟದ ಚೌಕಟ್ಟು ಚುಟುಕಾಗಿ ಹೇಳುತ್ತೇನೆ. 12 ಅಡಿ ಚೌಕದ ಅಂಕಣ, ಎರಡು ಕೆಂಪು ರೋಬೊ, ಎರಡು ನೀಲಿ ರೋಬೊ; ಒಂದೇ ಬಣ್ಣದ ಜೋಡಿಗೆ ಅಲಯನ್ಸ್ ಎನ್ನುತ್ತಾರೆ. ಮೊದಲ 15 ಸೆಕೆಂಡು ಆಟೊನಮಸ್ (ರೋಬೊ ತನ್ನ ಪ್ರೋಗ್ರಾಂನಿಂದ ತಾನೇ ಆಡುವ ಅವಧಿ), ನಂತರ 1 ನಿಮಿಷ 45 ಸೆಕೆಂಡು ಡ್ರೈವರ್ ಕೈಯಲ್ಲಿ. ಒಟ್ಟು 48 ರಿಂಗ್, ಎರಡೂ ಬಣ್ಣಕ್ಕೆ 24ರಂತೆ. ರಿಂಗ್ ಹಾಕುವ ಕಂಬವೇ ಸ್ಟೇಕ್; ಸ್ಥಳ ಬದಲಿಸಬಹುದಾದ ಬುಡದ ಮೇಲೆ ಅದು ನಿಂತಿದ್ದರೆ ಮೊಬೈಲ್ ಗೋಲ್, ಅಂಥವು 5. ಸ್ಟೇಕ್‌ಗೆ ಬಿದ್ದ ಒಂದೊಂದು ರಿಂಗ್‌ಗೆ 1 ಅಂಕ, ಎಲ್ಲಕ್ಕಿಂತ ಮೇಲಿನದಕ್ಕೆ ಮಾತ್ರ 3. ಆಟೊನಮಸ್ ಗೆದ್ದರೆ 6. ಅಂಕಣದ ನಡುವಿನ ಏಣಿಯನ್ನು ರೋಬೊ ಹತ್ತಿದರೆ ಮಟ್ಟಕ್ಕೆ ತಕ್ಕಂತೆ 3, 6, 12.

ತಂತ್ರ ನಿಂತಿರುವುದು ಅಂಕಣದ ನಾಲ್ಕು ಮೂಲೆಗಳ ಮೇಲೆ: ಎರಡು ಪಾಸಿಟಿವ್, ಎರಡು ನೆಗೆಟಿವ್. ಪಾಸಿಟಿವ್ ಮೂಲೆಯಲ್ಲಿ ಇಟ್ಟ ಗೋಲ್‌ನ ರಿಂಗ್‌ಗಳ ಬೆಲೆ ಇಮ್ಮಡಿ. ನೆಗೆಟಿವ್ ಮೂಲೆಯಲ್ಲಿ ಆ ರಿಂಗ್‌ಗಳ ಬೆಲೆ ಸೊನ್ನೆಯಾಗುತ್ತದೆ, ಜೊತೆಗೆ ಅಷ್ಟೇ ಅಂಕ ಆ ಅಲಯನ್ಸ್‌ನ ಉಳಿದ ರಿಂಗ್‌ಗಳಿಂದ ಕಳೆದುಹೋಗುತ್ತದೆ. ಆರೂ ರಿಂಗ್ ಒಂದೇ ಬಣ್ಣದ್ದಾಗಿರುವ ಗೋಲ್ ಬಯಲಲ್ಲಿ, ಅಂದರೆ ಮೂಲೆಗಳ ಹೊರಗೆ, ಇದ್ದರೆ 8 ಅಂಕ: ಐದು ಒಂದೊಂದು, ಮೇಲಿನದು ಮೂರು. ಅದನ್ನು ನಮ್ಮ ಪಾಲಿಗೆ ಪಾಸಿಟಿವ್‌ಗೆ ಒಯ್ದರೆ ಸಿಗುವ ಲಾಭ 8. ಎದುರಾಳಿಯ ಅಂಥದೇ ಗೋಲನ್ನು ನೆಗೆಟಿವ್‌ಗೆ ತಳ್ಳಿದರೆ ಅಂತರ 16 ಬದಲಾಗುತ್ತದೆ. ಅವರ ಪಾಸಿಟಿವ್ ಮೂಲೆಯಿಂದಲೇ ಎತ್ತಿ ನೆಗೆಟಿವ್‌ಗೆ ಹಾಕಲಾದರೆ 24. ಇಲ್ಲಿ ನೆನಪಿಡಬೇಕಾದ ಮಿತಿಯೊಂದಿದೆ: ನೆಗೆಟಿವ್ ಮೂಲೆ ಕಡಿಯುವುದು ರಿಂಗ್ ಅಂಕಗಳನ್ನು ಮಾತ್ರ, ಏಣಿ, ಆಟೊನಮಸ್ ಅಂಕಗಳನ್ನು ಮುಟ್ಟುವುದಿಲ್ಲ. ಎದುರಾಳಿಗೆ ಬೇರೆಲ್ಲೂ ರಿಂಗ್ ಇಲ್ಲದಿದ್ದರೆ ಆ 16 ಪೂರ್ತಿ ಸಿಗದು. ಹಾಗಾಗಿ ಡ್ರೈವರ್‌ಗೆ ಕೊಡುವ ಸೂಚನೆ ‘ನೆಗೆಟಿವ್‌ಗೆ ತಳ್ಳು’ ಅಂತಷ್ಟೇ ಇದ್ದರೆ ಸಾಲದು. ಅವರ ಉಳಿದ ರಿಂಗ್‌ಗಳು ಎಲ್ಲಿವೆ, ಎಷ್ಟಿವೆ ಎಂದು ಒಬ್ಬರು ಎಣಿಸುತ್ತಲೇ ಇರಬೇಕು.

ಮೇಲಿನ ರಿಂಗ್‌ನ ಲೆಕ್ಕವನ್ನು ಹಲವರು ಬಿಟ್ಟುಬಿಡುತ್ತಾರೆ. ಐದು ಕೆಂಪು ರಿಂಗ್ ಇರುವ ಗೋಲ್ ಕೆಂಪಿಗೆ 7 ಅಂಕ. ಅದರ ಮೇಲೆ ನೀಲಿಯವರು ಒಂದೇ ಒಂದು ರಿಂಗ್ ಹಾಕಿದರೆ ಕೆಂಪಿಗೆ 5, ನೀಲಿಗೆ 3. ಅಂದರೆ ಒಂದು ರಿಂಗ್‌ಗೆ 5 ಅಂಕದ ಏರುಪೇರು. ಗೋಲ್ ಪಾಸಿಟಿವ್ ಮೂಲೆಯಲ್ಲಿದ್ದರೆ 10. ಮೊಬೈಲ್ ಗೋಲ್‌ನಲ್ಲಿ ಎಣಿಕೆಗೆ ಬರುವುದು ಗರಿಷ್ಠ 6 ರಿಂಗ್ ಆದ್ದರಿಂದ, ಆರನೆಯದನ್ನು ನಾವೇ ಹಾಕಿಬಿಟ್ಟರೆ ಈ ದಾರಿ ಮುಚ್ಚಿಹೋಗುತ್ತದೆ. ಆರನೆಯ ರಿಂಗ್ ತಂದುಕೊಡುವುದು 1 ಅಂಕ ನಿಜ, ಆದರೆ ಅದು ಬೀಗದ ಕೆಲಸ ಮಾಡುತ್ತದೆ. ಗೋಲ್ ನಮ್ಮ ರೋಬೊದ ಕ್ಲ್ಯಾಂಪ್‌ನಲ್ಲಿ (ಹಿಡಿಕೆಯಲ್ಲಿ) ಇರುವವರೆಗೆ ಐದಕ್ಕೆ ನಿಲ್ಲಿಸಿದರೂ ನಡೆಯುತ್ತದೆ. ಬಿಟ್ಟು ಹೋಗುವುದಾದರೆ ಆರು ತುಂಬಿಸಿಯೇ ಬಿಡಬೇಕು ಎಂಬುದು ನಮ್ಮ ನಿಲುವು.

ಇನ್ನು ಪೊಸೆಶನ್, ಅಂದರೆ ರೋಬೊ ವಸ್ತುವನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವುದು. ಒಂದು ರೋಬೊ ಏಕಕಾಲಕ್ಕೆ ಇಟ್ಟುಕೊಳ್ಳಬಹುದಾದದ್ದು ಗೋಲ್‌ಗೆ ಇನ್ನೂ ಹಾಕದ ಎರಡು ರಿಂಗ್, ಒಂದು ಗೋಲ್. ನಾಲ್ಕು ರೋಬೊ, ಐದು ಗೋಲ್. ಯಾವಾಗಲೂ ಒಂದಾದರೂ ಗೋಲ್ ಬಿಡಿಯಾಗಿ ಇದ್ದೇ ಇರುತ್ತದೆ. ಅದನ್ನು ತಳ್ಳಿಕೊಂಡು ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ತಳ್ಳುವ ಮುಖದ ಆಕಾರದಲ್ಲಿದೆ. ಸಪಾಟಾದ ಅಥವಾ ಹೊರಗೆ ಉಬ್ಬಿದ ಮುಖದಿಂದ ತಳ್ಳಿದರೆ ಅದು ಬರೀ ನೂಕುವಿಕೆ. ಮುಖ ಒಳಗೆ ಬಾಗಿದ್ದು, ರೋಬೊ ತಿರುಗಿದಾಗ ಗೋಲೂ ಜೊತೆಗೇ ತಿರುಗಿದರೆ ಪೊಸೆಶನ್. ತೊಂದರೆ ಆಗುವುದು ನಾವು ಬಾಗಿದ ತಟ್ಟೆ ಹಾಕದಿದ್ದಾಗಲೂ: ರಿಂಗ್ ಒಳಗೆಳೆಯುವ ಇನ್‌ಟೇಕ್‌ನ ಎರಡು ಪಕ್ಕದ ತೋಳುಗಳು ಮುಂದೆ ಚಾಚಿಕೊಂಡು, ನಡುವೆ ಗೋಲ್‌ನ ಬುಡ ಕೂರುವಷ್ಟು ಜಾಗ ತಾನಾಗಿ ಆಗಿರುತ್ತದೆ. ಪರೀಕ್ಷಿಸುವುದು ಸುಲಭ. ಗೋಲನ್ನು ಆ ಮುಖಕ್ಕೆ ಒರಗಿಸಿ, ನಿಧಾನವಾಗಿ ಮುಂದೆ ಓಡಿಸಿ, ನಿಂತಲ್ಲೇ ಎಡಕ್ಕೆ ತಿರುಗಿಸಿ. ಗೋಲ್ ಜಾರಿ ಹೊರಬಿದ್ದರೆ ಚಿಂತೆಯಿಲ್ಲ. ಅಂಟಿಕೊಂಡು ಬಂದರೆ ತೋಳುಗಳ ಮುಂದೆ ಸಪಾಟು ಪಾಲಿಕಾರ್ಬೊನೇಟ್ ತಟ್ಟೆ ಹೊಂದಿಸಿ, ರಿಂಗ್ ನುಸುಳುವಷ್ಟು ಮಾತ್ರ ಕೆಳಗೆ ಬಿಡಿ.

ಪಂದ್ಯದ ಕೊನೆಯ ಕ್ಷಣದ ಬಗ್ಗೆ ಒಂದು ಮಾತು. ತನ್ನದೇ ಬಣ್ಣದ ರೋಬೊಗೆ ತಾಗಿರುವ ರಿಂಗ್ ಎಣಿಕೆಗೆ ಬರುವುದಿಲ್ಲ. ಕ್ಲ್ಯಾಂಪ್ ಗೋಲ್‌ನ ಬುಡವನ್ನು ಹಿಡಿದಿರುವುದರಿಂದ ತೊಂದರೆಯಿಲ್ಲ, ಆದರೆ ರಿಂಗ್ ಮೇಲೇರಿಸುವ ಕನ್ವೇಯರ್‌ನ ಕೊಕ್ಕೆ ಮೇಲಿನ ರಿಂಗ್‌ಗೆ ತಗುಲಿ ನಿಂತರೆ ಹೋಗುವುದು ಅತಿ ಬೆಲೆಯ ರಿಂಗೇ. ನಾವು ಮಾಡಿದ ವ್ಯವಸ್ಥೆ: ಒಂದು ಬಟನ್ ಒತ್ತಿದರೆ ಕೊಕ್ಕೆ ಸ್ವಲ್ಪ ಹಿಂದೆ ಸರಿದು, ಕ್ಲ್ಯಾಂಪ್ ಬಿಟ್ಟು, ರೋಬೊ ಒಂದು ಗೇಣು ಮುಂದೆ ಹೋಗುತ್ತದೆ. ಮುಗಿಯಲು 5 ಸೆಕೆಂಡು ಇರುವಾಗ ಕೋಚ್ ಸ್ಥಾನದಲ್ಲಿರುವ ವಿದ್ಯಾರ್ಥಿ ‘ಬಿಡು’ ಎನ್ನುತ್ತಾನೆ, ಡ್ರೈವರ್ ಮರುಯೋಚನೆ ಮಾಡದೆ ಒತ್ತುತ್ತಾಳೆ.

ನಿಯಮದಲ್ಲಿ ಅನುಮಾನ ಬಂದರೆ ಹೋಗಬೇಕಾದ ಜಾಗ ಅಧಿಕೃತ ಪ್ರಶ್ನೋತ್ತರ ವ್ಯವಸ್ಥೆ. ಕೈಪಿಡಿ ಬಿಟ್ಟರೆ ಅಧಿಕೃತ ವಿವರಣೆ ಸಿಗುವುದು ಅಲ್ಲಿ ಮಾತ್ರ. ಬೇರೆ ತಂಡದ ಹಿರಿಯರು ಎಷ್ಟೇ ಖಚಿತವಾಗಿ ಹೇಳಲಿ, ರೆಫರಿಯ ಮುಂದೆ ಅದು ನಿಲ್ಲದು. ‘ನಮ್ಮ ರೋಬೊ ಸರಿಯಿದೆಯೇ?’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ನಾವು ಬರೆಯುವ ರೀತಿ ಹೀಗೆ: ‘ಕೆಂಪು ರೋಬೊ ಒಂದು ಗೋಲನ್ನು ಕ್ಲ್ಯಾಂಪ್‌ನಲ್ಲಿ ಹಿಡಿದಿದೆ. ಮುಂದಿನ ಸಪಾಟು ಮುಖದಿಂದ ಎರಡನೆಯ ಗೋಲನ್ನು ತಳ್ಳುತ್ತಿದೆ. ರೋಬೊ ತಿರುಗಿದಾಗ ಎರಡನೆಯದು ಜೊತೆಗೆ ಬರುವುದಿಲ್ಲ. ಇದು ಎರಡು ಗೋಲ್‌ಗಳ ಪೊಸೆಶನ್ ಎನಿಸುತ್ತದೆಯೇ?’ ಒಂದು ಸನ್ನಿವೇಶ, ಒಂದು ಪ್ರಶ್ನೆ, ಹೌದು–ಇಲ್ಲ ಎನ್ನಬಹುದಾದದ್ದು, ಮೇಲೆ ನಿಯಮದ ಸಂಖ್ಯೆ ಮತ್ತು ಅದರ ಮಾತುಗಳು. ಆಟದ ನಿಯಮಗಳು ಎಸ್‌ಜಿ, ಸಾಮಾನ್ಯವಾದವು ಜಿ, ರೋಬೊಗೆ ಆರ್, ಟೂರ್ನಿಗೆ ಟಿ ಎಂಬ ಗುರುತಿನಲ್ಲಿರುತ್ತವೆ. ಕೇಳುವ ಮೊದಲು ಆ ಗುರುತಿನಿಂದ ಹುಡುಕಿದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಆಗಲೇ ಬಂದಿರುತ್ತದೆ. ಕೈಪಿಡಿ ಋತುವಿನ ನಡುವೆ ಪರಿಷ್ಕರಣೆಯಾಗುವುದರಿಂದ, ತಂತ್ರದ ಪ್ರತಿ ಪುಟದ ತಲೆಯಲ್ಲಿ ಯಾವ ಆವೃತ್ತಿಯ ಆಧಾರದ ಮೇಲೆ ಬರೆದದ್ದು ಎಂದು ನಮೂದಿಸುತ್ತೇವೆ.

ಅರ್ಹತಾ ಪಂದ್ಯಗಳಲ್ಲಿ ಗೆದ್ದರೆ ರ‍್ಯಾಂಕಿಂಗ್‌ಗೆ 2 ವಿನ್ ಪಾಯಿಂಟ್, ಸಮವಾದರೆ 1. ಆಟೊನಮಸ್‌ನಲ್ಲಿ ಗೊತ್ತುಪಡಿಸಿದ ಕೆಲಸಗಳನ್ನೆಲ್ಲ ಮುಗಿಸಿದರೆ ಇನ್ನೊಂದು, ಪಂದ್ಯ ಸೋತರೂ ಅದು ಕೈಬಿಡುವುದಿಲ್ಲ. ಆ ಕೆಲಸಗಳಲ್ಲಿ ಒಂದು, ಎರಡೂ ರೋಬೊಗಳು ಪ್ರಾರಂಭದ ಗೆರೆ ಬಿಟ್ಟಿರಬೇಕು ಎಂಬುದು. ಜೊತೆಗಾರ ತಂಡದ ಬಳಿ ಆಟೊನಮಸ್ ಪ್ರೋಗ್ರಾಂ ಇಲ್ಲದಿದ್ದರೆ ನಮ್ಮದು ಎಷ್ಟೇ ಚೆನ್ನಾಗಿದ್ದರೂ ಪಾಯಿಂಟ್ ಇಲ್ಲ. ಅದಕ್ಕೇ ಪಂದ್ಯಪಟ್ಟಿ ಸಿಕ್ಕ ಕೂಡಲೇ ಜೊತೆಗಾರರ ಪಿಟ್‌ಗೆ (ತಂಡದ ಕೆಲಸದ ಜಾಗಕ್ಕೆ) ಹೋಗಿ, ಒಂದು ಸೆಕೆಂಡು ಮುಂದೆ ಚಲಿಸಿ ನಿಲ್ಲುವ ನಾಲ್ಕು ಸಾಲಿನ ಕೋಡ್ ಬರೆಯಲು ಅವರ ಪ್ರೋಗ್ರಾಮರ್‌ಗೆ ನೆರವಾಗುತ್ತೇವೆ. ರ‍್ಯಾಂಕಿಂಗ್‌ನಲ್ಲಿ ವಿನ್ ಪಾಯಿಂಟ್, ಆಟೊನಮಸ್ ಪಾಯಿಂಟ್ ಎರಡೂ ಸಮವಾದರೆ ನೋಡುವುದು ಸ್ಟ್ರೆಂತ್ ಆಫ್ ಶೆಡ್ಯೂಲ್, ಅಂದರೆ ಪಂದ್ಯದಲ್ಲಿ ಸೋತ ಅಲಯನ್ಸ್‌ನ ಅಂಕ. ಹೀಗಾಗಿ ಅರ್ಹತಾ ಸುತ್ತಿನಲ್ಲಿ ಗೆಲುವು ಗಟ್ಟಿಯಾದ ಮೇಲೆ ಎದುರಾಳಿಯ ಗೋಲನ್ನು ನೆಗೆಟಿವ್‌ಗೆ ತಳ್ಳುವುದು ನಮ್ಮ ಬುಡಕ್ಕೇ ಕೊಡಲಿ. ಎಲಿಮಿನೇಷನ್‌ನಲ್ಲಿ ಈ ಲೆಕ್ಕ ಇಲ್ಲ, ಅಲ್ಲಿ ತಳ್ಳಿ.

ಎದುರಾಳಿಯನ್ನು ಒತ್ತಿ ಹಿಡಿಯುವುದಕ್ಕೆ 5 ಎಣಿಕೆಯ ಮಿತಿಯಿದೆ. ನಮ್ಮ ಕೋಚ್ ಜೋರಾಗಿ ಎಣಿಸಿ ನಾಲ್ಕಕ್ಕೇ ಬಿಡಿಸುತ್ತಾನೆ, ಏಕೆಂದರೆ ರೆಫರಿಯ ಎಣಿಕೆ ನಮ್ಮದಕ್ಕಿಂತ ಮೊದಲೇ ಶುರುವಾಗಿರಬಹುದು. ಬಿಟ್ಟ ಮೇಲೆ 2 ಅಡಿ, ಅಂದರೆ ನೆಲದ ಒಂದು ಟೈಲ್‌ನಷ್ಟು, ದೂರ ಸರಿಯಬೇಕು. ಅದೇ ರೋಬೊವನ್ನು ಮತ್ತೆ ಹಿಡಿಯುವ ಮುನ್ನ ಇನ್ನೂ 5 ಎಣಿಕೆ ಕಾಯಬೇಕು.

ಅಂಕ ತಪ್ಪಾಗಿದೆ ಅನಿಸಿದರೆ ಹೆಡ್ ರೆಫರಿಯ ಜೊತೆ ಮಾತಾಡಬೇಕಾದವರು ಡ್ರೈವ್ ಟೀಮಿನ ವಿದ್ಯಾರ್ಥಿಗಳು, ಅದೂ ಅಂಕಣವನ್ನು ಮರುಜೋಡಿಸುವ ಮುನ್ನ. ರೆಫರಿ ವಿಡಿಯೊ ನೋಡುವುದಿಲ್ಲ, ಫೋನ್ ತೋರಿಸಿ ಪ್ರಯೋಜನವಿಲ್ಲ. ನಮ್ಮವರು ಪಂದ್ಯ ಮುಗಿದ ತಕ್ಷಣ ಅಲಯನ್ಸ್ ಸ್ಟೇಷನ್‌ನಿಂದ ಕದಲದೆ ಎಣಿಸುತ್ತಾರೆ: ಮೊದಲು ನಾಲ್ಕು ಮೂಲೆ, ಆಮೇಲೆ ಬಯಲಿನ ಗೋಲ್‌ಗಳು, ಗೋಡೆಯ ಸ್ಟೇಕ್‌ಗಳು, ಕೊನೆಗೆ ಏಣಿ. ರೆಫರಿಯ ಹಾಳೆಯಲ್ಲಿ ಇರುವುದಕ್ಕೂ ಇದಕ್ಕೂ ಹೊಂದದಿದ್ದರೆ ಯಾವ ಗೋಲ್, ಯಾವ ರಿಂಗ್, ಯಾವ ನಿಯಮ ಎಂದು ಬೊಟ್ಟು ಮಾಡಿ ಕೇಳುತ್ತಾರೆ.