ಕಂಬಕ್ಕೆ ಒದ್ದೆ ಕಾಗದ

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ ಮಂಟಪದಲ್ಲಿ ನಾಲ್ಕು ಕಂಬಗಳ ಬುಡ ಹಪ್ಪಳದಂತೆ ಎದ್ದಿತ್ತು. ಬೆರಳು ಸೋಕಿದರೆ ಕೆತ್ತನೆಯ ಸಿಂಹದ ಉಗುರು ಪುಡಿಯಾಗಿ ಅಂಗೈಗೆ ಬರುತ್ತಿತ್ತು. ಅರಳಗುಪ್ಪೆಯ ಚೆನ್ನಕೇಶವ ಗುಡಿಯಂತೆ ಇದು ಮೆತ್ತನೆಯ ಬಳಪದ ಕಲ್ಲಲ್ಲ, ನಮ್ಮ ಕೋಲಾರದ ಕಡೆಯ ಕಣಶಿಲೆ, ಅಂದರೆ ಗ್ರಾನೈಟ್. ಇದಕ್ಕೇನಾದೀತು ಎಂಬ ಧೈರ್ಯ ಊರಿನವರಿಗಿತ್ತು, ನನಗೂ ಇತ್ತು.

ಮೊದಲ ದಿನವೇ ತಪ್ಪು ಮಾಡಿದೆ. ಕಂಬದ ಬುಡದಲ್ಲಿ ಅರಳಿದ್ದ ಬಿಳಿ ಉಪ್ಪಿನ ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಕೊಳವೆ ಬಾವಿಯ ನೀರಿನಿಂದ ತೊಳೆದೆ. ಹದಿನೈದು ದಿನಕ್ಕೆ ಮೊದಲಿಗಿಂತ ದಟ್ಟವಾಗಿ ಅರಳಿತು. ಆ ನೀರನ್ನು ಕುದಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವುದು ಗೊತ್ತಿದ್ದೂ ಕಂಬಕ್ಕೆ ಸುರಿದಿದ್ದೆ!

ಮೂಲ ನೆಲದಲ್ಲಿತ್ತು. ಹಾಸುಗಲ್ಲಿನ ಸಂದುಗಳಿಂದ ಆರುತ್ತಿದ್ದ ತೇವಕ್ಕೆ ಸಿಮೆಂಟ್ ಮತ್ತು ಟೈಲ್ಸ್ ಬಿದ್ದ ಮೇಲೆ ಕಂಬವೊಂದೇ ದಾರಿಯಾಯಿತು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಶಿಥಿಲಗೊಂಡ ಕಲ್ಲಿನ ರಂಧ್ರಗಳಲ್ಲಿ ಅದರ ಹರಳು ಬೆಳೆದು ಕಣಗಳನ್ನು ಸೀಳುತ್ತದೆ.

ಬ್ಯಾಟರಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರಿನ ಕ್ಯಾನುಗಳನ್ನು ತಂದೆ. ಶಾಯಿ ಹೀರುವ ಕಾಗದವನ್ನು ಅದರಲ್ಲಿ ನೆನೆಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಿವುಚಿ, ಬೆರಳು ದಪ್ಪ ಮೆತ್ತಿದೆ. ಪುಡಿಯಾಗುತ್ತಿದ್ದ ಕಡೆ ನಡುವೆ ತೆಳುವಾದ ಕಾಗದದ ಪದರವಿಟ್ಟೆ, ಇಲ್ಲದಿದ್ದರೆ ಕೀಳುವಾಗ ಕೆತ್ತನೆಯೇ ಕಿತ್ತು ಬರುತ್ತದೆ. ಹಾದು ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು, "ಕಂಬಕ್ಕೆ ಜ್ವರವೇನು ಸ್ವಾಮಿ, ಒದ್ದೆ ಪಟ್ಟಿ ಹಾಕಿದ್ದೀರಿ?" ಎಂದರು. ಹೆಚ್ಚುಕಡಿಮೆ ಅದೇ ಎಂದೆ.

ಕಾಗದದ ನೀರು ಕಲ್ಲಿನೊಳಗೆ ಇಳಿದು ಉಪ್ಪನ್ನು ಕರಗಿಸುತ್ತದೆ. ಹೊರಮೈ ಒಣಗಿದಂತೆ ಆ ಉಪ್ಪುನೀರು ಕಾಗದಕ್ಕೆ ಬರುತ್ತದೆ. ಒಣಗಿದ ಮೆತ್ತೆಯನ್ನು ಕಿತ್ತು, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಸೋಸಿದೆ. ತಿಳಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಅದರ ಮೇಲೆ ಸಿಲ್ವರ್ ನೈಟ್ರೇಟ್ ಬಿಟ್ಟೊಡನೆ ಹಾಲು ಒಡೆದಂತೆ ಬಿಳಿ ಗಸಿ: ಕ್ಲೋರೈಡ್, ಅಂದರೆ ಕಲ್ಲಿನ ಉಪ್ಪು ಕಾಗದಕ್ಕೆ ಬಂದಿದೆ. ಎರಡನೆಯ, ಮೂರನೆಯ ಮೆತ್ತೆಗೂ ಹಾಗೆಯೇ. ಐದನೆಯದಕ್ಕೆ ನೀರು ತುಸು ಮಬ್ಬಾಯಿತಷ್ಟೆ. ಅಲ್ಲಿಗೆ ನಿಲ್ಲಿಸಿದೆ. ದೀಪದ ಎಣ್ಣೆ ಕುಡಿದ ಭಾಗವನ್ನು ಮುಟ್ಟಲಿಲ್ಲ. ಎಣ್ಣೆ ದಾಟಿ ಉಪ್ಪು ಬಾರದು.

ಆಮೇಲೆ ಮೂರು ಕಂಬಗಳ ಸುತ್ತ ಒಂದು ಅಡಿ ಸಿಮೆಂಟ್ ಒಡೆಸಿ, ಜಲ್ಲಿ ತುಂಬಿಸಿದೆ. ನಾಲ್ಕನೆಯದರ ಬಳಿ ದಾನಿಗಳ ಹೆಸರು ಕೊರೆದ ಟೈಲ್ಸ್ ಇತ್ತು. ಊರಿನವರು ಒಪ್ಪಲಿಲ್ಲ, ನಾನೂ ಜಗ್ಗಾಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಮೂರು ಕಂಬಗಳ ಬುಡ ಒಣಗಿತ್ತು. ನಾಲ್ಕನೆಯದರ ಮೇಲೆ, ಮೊಣಕಾಲಿನ ಎತ್ತರಕ್ಕೆ, ಮತ್ತೆ ಬಿಳಿ ಗೆರೆ ಮೂಡಿತ್ತು.