ಪೈಲಟ್ ಎಳೆದರೆ ವಿಮಾನ ಮೂಗೆತ್ತುವುದು ಹೇಗೆ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಜೊತೆಗೆ ಈಗ ನೌಕಾಪಡೆಯ ಟುಪೊಲೆವ್-142 ವಿಮಾನವೂ ನಿಂತಿದೆ. ಬಂದವರಲ್ಲಿ ಬಹಳಷ್ಟು ಮಂದಿ ಅದರ ಜೋಡಿ ಪ್ರೊಪೆಲ್ಲರ್‌ಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಲ್ಲಿಗೆ ಹೋದಾಗ ಬಾಲದ ಕಡೆಗೂ ಒಂದು ಸುತ್ತು ಹಾಕಿ. ಪ್ರೊಪೆಲ್ಲರ್ ವಿಮಾನವನ್ನು ಎಳೆಯುತ್ತದೆ, ಅಷ್ಟೇ. ಅದು ಏರಬೇಕೇ, ಇಳಿಯಬೇಕೇ, ಯಾವ ಕಡೆ ತಿರುಗಬೇಕು ಎಂಬುದೆಲ್ಲ ತೀರ್ಮಾನವಾಗುವುದು ರೆಕ್ಕೆ ಮತ್ತು ಬಾಲಗಳ ಹಿಂಬದಿಯ ಅಂಚಿನಲ್ಲಿ.

ಮೊದಲು ಕೀಲುಗಳನ್ನು ಹುಡುಕಿ

ಹೆಚ್ಚಿನ ವಿಮಾನಗಳ ರೆಕ್ಕೆಯ ಹಿಂಬದಿಯಲ್ಲಿ, ತುದಿಗೆ ಹತ್ತಿರ, ಕೀಲಿನ ಮೇಲೆ ಆಡುವ ಒಂದು ಹಲಗೆ ಇರುತ್ತದೆ. ಅದು ಐಲೆರಾನ್. ಬಾಲದ ಅಡ್ಡ ರೆಕ್ಕೆಯ ಹಿಂದೆ ಇರುವುದು ಎಲಿವೇಟರ್, ನೆಟ್ಟಗೆ ನಿಂತ ರೆಕ್ಕೆಯ ಹಿಂದೆ ಇರುವುದು ರಡ್ಡರ್. ಎಲಿವೇಟರ್ ಮೂಗನ್ನು ಮೇಲೆ ಕೆಳಗೆ ಮಾಡುತ್ತದೆ, ಐಲೆರಾನ್ ವಿಮಾನವನ್ನು ಮಗ್ಗುಲಿಗೆ ವಾಲಿಸುತ್ತದೆ, ರಡ್ಡರ್ ಮೂಗನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಕಾಕ್‌ಪಿಟ್‌ನಲ್ಲಿ ಮೊದಲ ಎರಡಕ್ಕೂ ಒಂದೇ ಹಿಡಿಕೆ. ರಡ್ಡರ್‌ಗೆ ಕಾಲಿನ ಪೆಡಲ್.

ರಡ್ಡರ್ ಎಂದರೆ ದೋಣಿಯ ಚುಕ್ಕಾಣಿಯೇ ಎಂದು ಬೈತಖೋಲ ಬಂದರಿನಲ್ಲಿ ಯಾರಾದರೂ ಹೇಳಿದರೆ ಅರ್ಧ ಒಪ್ಪಬಹುದು. ದೋಣಿಯನ್ನು ತಿರುಗಿಸುವುದು ಚುಕ್ಕಾಣಿ. ವಿಮಾನವನ್ನು ತಿರುಗಿಸುವುದು ಮುಖ್ಯವಾಗಿ ರಡ್ಡರ್ ಅಲ್ಲ, ವಾಲಿದ ರೆಕ್ಕೆ. ರೆಕ್ಕೆ ವಾಲಿದಾಗ, ಅದುವರೆಗೆ ನೆಟ್ಟಗೆ ಮೇಲಕ್ಕೆ ಎತ್ತುತ್ತಿದ್ದ ಬಲದ ಒಂದು ಪಾಲು ಪಕ್ಕಕ್ಕೆ ಎಳೆಯತೊಡಗುತ್ತದೆ. ಆ ಎಳೆತವೇ ತಿರುವು. ಹಾಗಾದರೆ ರಡ್ಡರ್ ಏಕೆ ಬೇಕು? ಎಡಕ್ಕೆ ವಾಲಿಸಲು ಬಲಗಡೆಯ ಐಲೆರಾನ್ ಕೆಳಗಿಳಿಯುತ್ತದೆ. ಅದರಿಂದ ಬಲ ರೆಕ್ಕೆಗೆ ಎತ್ತುವ ಬಲದೊಂದಿಗೆ ಗಾಳಿಯ ತಡೆಯೂ ಹೆಚ್ಚುತ್ತದೆ, ಮೂಗು ಬಲಕ್ಕೆ, ಅಂದರೆ ಬೇಡದ ದಿಕ್ಕಿಗೆ, ಜಗ್ಗುತ್ತದೆ. ಅದನ್ನು ಸರಿಪಡಿಸುವುದು ರಡ್ಡರ್‌ನ ಕೆಲಸ. ಕೆಲವು ವಿಮಾನಗಳಲ್ಲಿ ಮೇಲೇಳುವ ಐಲೆರಾನ್ ಹೆಚ್ಚು, ಕೆಳಗಿಳಿಯುವುದು ಕಡಿಮೆ ಚಲಿಸುವಂತೆ ಜೋಡಿಸಿ ಈ ಜಗ್ಗಾಟವನ್ನು ತಗ್ಗಿಸಿರುತ್ತಾರೆ.

ಕೈಯಿಂದ ಬಾಲದವರೆಗೆ

ಈಗ ಎಲಿವೇಟರ್‌ನ ದಾರಿ ಹಿಡಿಯೋಣ. ಪೈಲಟ್ ಹಿಡಿಕೆಯನ್ನು ತನ್ನತ್ತ ಎಳೆಯುತ್ತಾನೆ. ಹಿಡಿಕೆಯ ಬುಡದಲ್ಲಿರುವ ಸನ್ನೆಗೋಲು ಒಂದು ಉಕ್ಕಿನ ಕೇಬಲನ್ನು ಜಗ್ಗುತ್ತದೆ. ಕೇಬಲ್ ನೆಲಹಾಸಿನ ಅಡಿಯಲ್ಲಿ ಹಿಂದಕ್ಕೆ ಸಾಗುತ್ತದೆ. ದಿಕ್ಕು ಬದಲಾಗುವಲ್ಲೆಲ್ಲ ರಾಟೆಯನ್ನು ಬಳಸುತ್ತದೆ. ಬಾಲ ತಲುಪಿದ ಮೇಲೆ ಅಲ್ಲಿನ ಇನ್ನೊಂದು ಸನ್ನೆಯನ್ನು ತಿರುಗಿಸುತ್ತದೆ, ಸನ್ನೆ ಒಂದು ಸಲಾಕೆಯನ್ನು ತಳ್ಳುತ್ತದೆ, ಎಲಿವೇಟರ್‌ನ ಹಿಂದಿನ ಅಂಚು ಮೇಲೇಳುತ್ತದೆ. ಅದಕ್ಕೆ ಬಡಿದ ಗಾಳಿ ಬಾಲವನ್ನು ಕೆಳಕ್ಕೆ ಒತ್ತುತ್ತದೆ. ಬಾಲ ತಗ್ಗಿದರೆ ಮೂಗು ಏಳಲೇಬೇಕು.

ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಪ್ರತಿ ಹಲಗೆಗೂ ಎರಡು ಕೇಬಲ್ ಬೇಕು, ಒಂದು ಏರಿಸಲು, ಒಂದು ಇಳಿಸಲು. ದೂರ ಕಡಿಮೆಯಿದ್ದರೆ ಕೇಬಲ್ ಬದಲು ಸಲಾಕೆಗಳನ್ನೇ ಬಳಸುವುದುಂಟು. ಸಲಾಕೆ ಎಳೆಯುತ್ತದೆ, ತಳ್ಳುತ್ತದೆ, ಸಡಿಲಾಗುವುದಿಲ್ಲ, ಆದರೆ ತೂಕ ಹೆಚ್ಚು.

ಸಾಮಾನ್ಯವಾಗಿ ಬಳಸುವ ಕೇಬಲ್‌ನಲ್ಲಿ ಏಳು ಎಳೆಗಳು, ಒಂದೊಂದು ಎಳೆಯಲ್ಲಿ 19 ತಂತಿಗಳು, ಒಟ್ಟು 133. ಇಷ್ಟು ಸಣ್ಣ ತಂತಿಗಳನ್ನು ಹೊಸೆಯುವುದು ರಾಟೆಯ ಮೇಲೆ ಸಾವಿರಾರು ಸಲ ಬಾಗಿದರೂ ಮುರಿಯದಿರಲಿ ಎಂದು. ಮೂರು ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪವಿರುವ ಇಂಥ ಕೇಬಲ್ ತುಂಡಾಗಬೇಕಾದರೆ ಸುಮಾರು 900 ಕಿಲೋ ಭಾರ ಬೇಕು.

ಅದರ ಬಿಗಿಯನ್ನು ಹೊಂದಿಸಲು ಟರ್ನ್‌ಬಕಲ್ ಎಂಬ ತಿರುಪಿನ ಕೊಳವೆ ಇರುತ್ತದೆ. ಬಿಗಿ ಹೆಚ್ಚಾದರೆ ರಾಟೆ ಸವೆಯುತ್ತದೆ, ಹಿಡಿಕೆ ಭಾರವಾಗುತ್ತದೆ; ಕಡಿಮೆಯಾದರೆ ಕೈ ಚಲಿಸಿದಷ್ಟು ಹಲಗೆ ಚಲಿಸುವುದಿಲ್ಲ. ಇದರಲ್ಲಿ ಇನ್ನೊಂದು ಫಜೀತಿಯಿದೆ. ವಿಮಾನದ ಮೈ ಅಲ್ಯೂಮಿನಿಯಂ, ಕೇಬಲ್ ಉಕ್ಕು. ಚಳಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಕುಗ್ಗುತ್ತದೆ. ಇಪ್ಪತ್ತು ಮೀಟರ್ ಉದ್ದಕ್ಕೆ ಉಷ್ಣಾಂಶ 70 ಡಿಗ್ರಿ ಇಳಿದರೆ ಎರಡರ ನಡುವೆ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ನೆಲದ ಮೇಲೆ ಸರಿಯಾಗಿ ಬಿಗಿದ ಕೇಬಲ್ ಆಕಾಶದಲ್ಲಿ ಜೋತುಬೀಳುತ್ತದೆ! ಹಾಗಾಗಿ ದೊಡ್ಡ ವಿಮಾನಗಳಲ್ಲಿ ಬಿಗಿಯನ್ನು ತಾನಾಗಿ ಕಾಯ್ದುಕೊಳ್ಳುವ ಸ್ಪ್ರಿಂಗ್ ಸಾಧನ ಇಟ್ಟಿರುತ್ತಾರೆ, ಸಣ್ಣವುಗಳಲ್ಲಿ ಅಂದಿನ ಉಷ್ಣಾಂಶಕ್ಕೆ ತಕ್ಕ ಬಿಗಿಯನ್ನು ಪಟ್ಟಿ ನೋಡಿ ಹೊಂದಿಸುತ್ತಾರೆ.

ಉಪ್ಪುಗಾಳಿ ಮನೆಯ ಕಿಟಕಿ ಸರಳನ್ನೂ ಬಿಡದ ನಮ್ಮ ಕರಾವಳಿಯಂಥ ಕಡೆ ಕೇಬಲಿಗೆ ತುಕ್ಕಿನ ಕಾಟ ಬೇರೆ. ತಂತ್ರಜ್ಞರು ಕೇಬಲ್‌ನುದ್ದಕ್ಕೂ ಬಟ್ಟೆಯೊಂದನ್ನು ಎಳೆಯುತ್ತಾರೆ. ಎಲ್ಲಾದರೂ ತಂತಿ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬಾರದು, ಬೆರಳು ಸೀಳಿಹೋಗುತ್ತದೆ.

ಕೈಬಲ ಸಾಲದಿದ್ದಾಗ

ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ದೊಡ್ಡ ಹಲಗೆಯನ್ನು ಬರೀ ತೋಳಿನಿಂದ ತಳ್ಳಲಾಗುವುದಿಲ್ಲ. ಒಂದು ಉಪಾಯವೆಂದರೆ ಹಲಗೆಯ ಸ್ವಲ್ಪ ಭಾಗವನ್ನು ಕೀಲಿನ ಮುಂದಕ್ಕೆ ಚಾಚುವುದು. ಅದಕ್ಕೆ ಬಡಿದ ಗಾಳಿ ಪೈಲಟ್‌ನ ಕೈಗೆ ನೆರವಾಗುತ್ತದೆ. ನನಗೆ ಹೆಚ್ಚು ಇಷ್ಟವಾಗುವ ಉಪಾಯ ಸರ್ವೋ ಟ್ಯಾಬ್. ದೊಡ್ಡ ಹಲಗೆಯ ಹಿಂದಿನ ಅಂಚಿಗೆ ಇನ್ನೊಂದು ಪುಟ್ಟ ಹಲಗೆ. ಪೈಲಟ್ ಚಲಿಸುವುದು ಪುಟ್ಟದನ್ನು ಮಾತ್ರ. ಅದು ಕೆಳಗಿಳಿದರೆ ಗಾಳಿ ದೊಡ್ಡದನ್ನು ಮೇಲೆತ್ತುತ್ತದೆ. ಡಿಸಿ-9 ವಿಮಾನದ ಎಲಿವೇಟರ್ ಹೀಗೆಯೇ ಕೆಲಸ ಮಾಡುತ್ತಿತ್ತು. ನೆಲದ ಮೇಲೆ ನಿಂತಾಗ ಅದರ ಎಡ ಬಲ ಎಲಿವೇಟರ್‌ಗಳು ಒಂದು ಮೇಲೆ ಒಂದು ಕೆಳಗೆ ಇರುವುದು ಕಂಡರೆ ಕೆಟ್ಟಿದೆ ಎಂದರ್ಥವಲ್ಲ.

ಇನ್ನೂ ದೊಡ್ಡ ವಿಮಾನಗಳಲ್ಲಿ ಕೇಬಲ್ ಹೋಗಿ ಹೈಡ್ರಾಲಿಕ್ ಯಂತ್ರದ ಕವಾಟವನ್ನು ತೆರೆಯುತ್ತದೆ, ಹಲಗೆಯನ್ನು ಎಣ್ಣೆಯ ಒತ್ತಡ ತಳ್ಳುತ್ತದೆ. ಬೋಯಿಂಗ್ 737ರಲ್ಲಿ ಇಂದಿಗೂ ಈ ಕೇಬಲ್‌ಗಳಿವೆ. ಹೈಡ್ರಾಲಿಕ್ ಕೈಕೊಟ್ಟರೆ ಎಲಿವೇಟರ್ ಮತ್ತು ಐಲೆರಾನ್‌ಗಳನ್ನು ತೋಳ್ಬಲದಿಂದಲೇ ಆಡಿಸಬಹುದು. ಏರ್‌ಬಸ್ ಎ320 ಮತ್ತು ನಮ್ಮ ತೇಜಸ್‌ನಲ್ಲಿ ಕೈಯ ಆಜ್ಞೆ ಕಂಪ್ಯೂಟರ್ ಮೂಲಕ ವಿದ್ಯುತ್ ಸಂಕೇತವಾಗಿ ಹೋಗುತ್ತದೆ. ಅದು ಬೇರೆಯೇ ಲೇಖನಕ್ಕೆ ವಸ್ತು.

ಹಾರುವ ಮುನ್ನ

ಕೇಬಲ್‌ಗೆ ಬುದ್ಧಿಯಿಲ್ಲ. ತಪ್ಪಾಗಿ ಜೋಡಿಸಿದರೆ ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ. ಲ್ಯಾಂಕಾಸ್ಟರ್ ಬಾಂಬರ್ ವಿಮಾನವನ್ನು ರೂಪಿಸಿದ ರಾಯ್ ಚಾಡ್ವಿಕ್ 1947ರ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡ್‌ನಲ್ಲಿ ತಮ್ಮದೇ ವಿನ್ಯಾಸದ ಟ್ಯೂಡರ್ ವಿಮಾನದಲ್ಲಿ ಹೊರಟು ಮೃತಪಟ್ಟರು. ದುರಸ್ತಿಯ ವೇಳೆ ಐಲೆರಾನ್ ಸಂಪರ್ಕವನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು. ಅದಕ್ಕೂ ಮೊದಲು, 1935ರ ಅಕ್ಟೋಬರ್ 30ರಂದು, ಅಮೆರಿಕದಲ್ಲಿ ಬೋಯಿಂಗ್ 299 ಮೇಲೇರುತ್ತಿದ್ದಂತೆಯೇ ಬಿದ್ದಿತ್ತು. ನಿಂತಾಗ ಗಾಳಿಗೆ ಹಲಗೆಗಳು ಬಡಿದಾಡದಿರಲೆಂದು ಹಾಕುವ ಬೀಗವನ್ನು ತೆಗೆದಿರಲಿಲ್ಲ. ಹಾರಾಟಕ್ಕೆ ಮುನ್ನ ಪಟ್ಟಿ ಓದಿ ಒಂದೊಂದನ್ನೂ ಪರೀಕ್ಷಿಸುವ ಪದ್ಧತಿ ಬೇರೂರಿದ್ದು ಈ ಅಪಘಾತದ ನಂತರ.

ಹಿಡಿಕೆ ಎಲ್ಲ ದಿಕ್ಕಿಗೂ ತಡೆಯಿಲ್ಲದೆ ಹೋಗುತ್ತದೆಯೇ ಎಂದು ನೋಡಿದರಷ್ಟೇ ಸಾಲದು, ಹಲಗೆ ಸರಿಯಾದ ದಿಕ್ಕಿಗೆ ಹೋಗುತ್ತದೆಯೇ ಎಂದೂ ನೋಡಬೇಕು. ಇದಕ್ಕೆ ಪೈಲಟ್‌ಗಳಲ್ಲಿ ಒಂದು ಸುಲಭದ ಸೂತ್ರವಿದೆ: ಹೆಬ್ಬೆರಳು ಮೇಲಿರುವಂತೆ ಹಿಡಿಕೆ ಹಿಡಿದು ಒಂದು ಕಡೆಗೆ ತಿರುಗಿಸಿದರೆ, ಹೆಬ್ಬೆರಳು ವಾಲಿದ ಕಡೆಯ ಐಲೆರಾನ್ ಮೇಲೆದ್ದಿರಬೇಕು.

ಶಿರಸಿಯವರು ಹುಬ್ಬಳ್ಳಿಗೆ ಹೋಗಿ ಎಟಿಆರ್ ವಿಮಾನ ಹತ್ತಿದರೆ ರೆಕ್ಕೆಗಿಂತ ಹಿಂದಿನ ಸಾಲಿನ ಕಿಟಕಿ ಸೀಟು ಕೇಳಿ ಪಡೆಯಿರಿ. ಅದರ ಐಲೆರಾನ್, ಎಲಿವೇಟರ್‌ಗಳನ್ನು ಆಡಿಸಲು ಹೈಡ್ರಾಲಿಕ್ ಇಲ್ಲ, ಕೇಬಲ್ ಮತ್ತು ಸಲಾಕೆಗಳೇ. ಹಾರುವ ಮೊದಲು ರೆಕ್ಕೆಯ ತುದಿಯ ಹಲಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡುವುದು ಕಂಡರೆ, ಮುಂದೆ ಕುಳಿತವರು ಈ ಪರೀಕ್ಷೆಯನ್ನೇ ಮಾಡುತ್ತಿದ್ದಾರೆ ಎಂದು ತಿಳಿಯಬಹುದು.