ಸ್ಕಾಟ್ಲೆಂಡ್‌ಗೆ ಹೊರಡುವವರಿಗೆ ಒಂದು ಸಲಹೆ

ಎಡಿನ್‌ಬರೋ ನಗರದಲ್ಲಿ ಉತ್ಸವಗಳು ನಡೆಯುವ ಆಗಸ್ಟ್‌ನಲ್ಲಿ ವಸತಿ ಬಹಳ ದುಬಾರಿಯಾಗುವುದರಿಂದ, ಸಾಧ್ಯವಿದ್ದವರು ಮೇ ತಿಂಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಹಗಲು ದೀರ್ಘವಾಗಿರುತ್ತದೆ, ಮಿಜ್ ಎಂಬ ಕಚ್ಚುವ ಸಣ್ಣ ನೊಣಗಳ ಕಾಟವೂ ಕಡಿಮೆ. ಅಲ್ಲಿನ ಕೋಟೆಯ ಟಿಕೆಟನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲೇ ಕಾಯ್ದಿರಿಸಿ. ಸ್ಕೈ ದ್ವೀಪಕ್ಕೆ 1995ರಲ್ಲಿ ತೆರೆದ ಸೇತುವೆಯ ಮೇಲೆ ಕಾರಿನಲ್ಲೇ ಹೋಗಬಹುದಾದರೂ, ಮ್ಯಾಲೇಗ್‌ನಿಂದ ಆರ್ಮಡೇಲ್‌ಗೆ ಸಾಗುವ ಫೆರ್ರಿ ಪ್ರಯಾಣವೇ ನನ್ನ ಮಟ್ಟಿಗೆ ಹೆಚ್ಚು ಸೊಗಸು. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಚಲಿಸುತ್ತವೆ. ಆದರೆ ದ್ವೀಪದ ಅನೇಕ ರಸ್ತೆಗಳು ಒಂದೇ ವಾಹನದಷ್ಟು ಅಗಲವಿದ್ದು, ಎದುರಿನಿಂದ ಬರುವವರಿಗೆ ದಾರಿ ಬಿಡಲೆಂದೇ ಅಲ್ಲಲ್ಲಿ ಮಾಡಿರುವ ಜಾಗಗಳಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯಲು ಇಳಿಯಬಾರದು. 1,345 ಮೀಟರ್ ಎತ್ತರದ ಬೆನ್ ನೆವಿಸ್ ಹತ್ತುವವರು ಮಳೆ, ಚಳಿ ಎರಡನ್ನೂ ತಡೆಯುವ ಉಡುಪು ಒಯ್ಯಬೇಕು, ಏಕೆಂದರೆ ಶಿಖರದಲ್ಲಿ ಮೇ ತಿಂಗಳಲ್ಲೂ ಹಿಮವಿರುವುದುಂಟು.